ಗೋಣಿ ಹೊದ್ದ ಅರಮನೆ

ಸಿನಿಮಾದ ಮಾತು ಬಂದೊಡನೆ ನಮ್ಮ ಸೀಮೆಯವರು ಕೆಲವು ಹೆಸರುಗಳನ್ನು ಅಭಿಮಾನದಿಂದ ಎತ್ತುತ್ತಾರೆ: ಕೃಷ್ಣರಾಜಪೇಟೆ ಕಡೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ನಾಗಮಂಗಲದ ನಾಗತಿಹಳ್ಳಿ ಚಂದ್ರಶೇಖರ, ಪಾಂಡವಪುರದ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ. ಎತ್ತತಕ್ಕದ್ದೇ. ನಾನು ಹೇಳಹೊರಟಿರುವುದು ಮಾತ್ರ ಹೆಸರಿಲ್ಲದೆ ದುಡಿದವರ ವಿಚಾರ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಟ್ಟಿಸಿದ ದರಿಯಾದೌಲತ್ ತೇಗದ ಮರದ್ದು, ಇಂದಿಗೂ ನಿಂತಿದೆ. ಸ್ಟುಡಿಯೋದ ಅರಮನೆಯ ಮಾತು ಬೇರೆ. ಮರದ ಪಟ್ಟಿ, ಬಟ್ಟೆ, ಬಣ್ಣ, ಇಷ್ಟೇ ಅದರ ವೈಭವ; ಕಂಬವನ್ನು ತಟ್ಟಿದರೆ ಟೊಳ್ಳು. ಪ್ರತಿಧ್ವನಿ ಏಳದಿರಲೆಂದು ಗೋಡೆಗೆ ಗೋಣಿ ಹೊದಿಸುತ್ತಿದ್ದರು, ಹೊರಗಿನ ಸದ್ದು ಬಾರದಿರಲೆಂದು ಬಾಗಿಲು ಮುಚ್ಚುತ್ತಿದ್ದರು. ಮೇಲೆ ಅಟ್ಟಣೆಯಲ್ಲಿ ಕೆಂಡದಂತೆ ಕಾಯುವ ದೀಪಗಳು, ಅವುಗಳ ಮಗ್ಗುಲಲ್ಲಿ ಲೈಟ್‌ಬಾಯ್. ತಲೆ ನರೆತರೂ ಆತ ‘ಬಾಯ್’ ಆಗಿಯೇ ಉಳಿಯುತ್ತಾನೆ; ಭಾಷೆಯ ಮೇಷ್ಟ್ರಾದ ನನಗೆ ಈ ಪದ ಇಂದಿಗೂ ಕಸಿವಿಸಿಯನ್ನುಂಟುಮಾಡುತ್ತದೆ.

ಟಿಪ್ಪುವಿನ ಕಥೆಯ ಧಾರಾವಾಹಿಗೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಇಂಥದೇ ಗೋಣಿಯ ಗೋಡೆಗಳ ನಡುವೆ ಚಿತ್ರೀಕರಣ ನಡೆದಿತ್ತು. 1989ರ ಫೆಬ್ರವರಿ 8ರಂದು ಅಲ್ಲಿ ಬೆಂಕಿ ಬಿದ್ದಿತು. ಗೋಣಿ, ಬಟ್ಟೆ, ಬಣ್ಣ ಎಲ್ಲವೂ ಉರಿಯತಕ್ಕ ವಸ್ತುಗಳೇ. 62 ಮಂದಿ ಸತ್ತರು. ತೀವ್ರವಾಗಿ ಸುಟ್ಟುಕೊಂಡಿದ್ದ ನಾಯಕನಟ ಸಂಜಯ್ ಖಾನ್ ದೀರ್ಘ ಚಿಕಿತ್ಸೆಯ ಬಳಿಕ ಚೇತರಿಸಿಕೊಂಡರು. ಪತ್ರಿಕೆಗಳ ಮೂಲಕ ಅವರ ಹೆಸರು ದೇಶಕ್ಕೆಲ್ಲ ತಿಳಿಯಿತು. ಸತ್ತವರು ಅಂಕಿಯಾಗಿ ಉಳಿದರು.

1990ರಲ್ಲಿ ದೂರದರ್ಶನದಲ್ಲಿ ಆ ಧಾರಾವಾಹಿ ಬಂದಾಗ ಪಾಂಡವಪುರದ ಸ್ನೇಹಿತರೊಬ್ಬರ ಮನೆಯಲ್ಲಿ ಕುಳಿತು ನೋಡಿದೆ. ಕಣ್ಣು ಟಿಪ್ಪುವಿನ ಮೇಲೆ ನಿಲ್ಲಲೊಲ್ಲದು. ದರ್ಬಾರಿನ ಹಿಂಬದಿಯಲ್ಲಿ ಈಟಿ ಹಿಡಿದು ನಿಂತ ಸಿಪಾಯಿಗಳ ಮುಖಗಳನ್ನೇ ಅದು ಹುಡುಕುತ್ತಿತ್ತು.