ಮೂಕಾಂಬಿಕೆಯ ವರ, ಸೋದರಮಾವನ ಪಾಠ

ಕಾಸರಗೋಡಿನ ಹಳೆಯ ಮನೆಗಳ ಚಾವಡಿಯಲ್ಲೋ ದೇವರ ಕೋಣೆಯಲ್ಲೋ ಗಾಜು ಹಾಕಿಸಿದ ಲಕ್ಷ್ಮಿ, ಸರಸ್ವತಿಯರ ಪಟ ಕಂಡರೆ ‘ಇದು ರವಿವರ್ಮನ ಚಿತ್ರ’ ಎಂದು ಮನೆಯವರು ತೋರಿಸುವುದುಂಟು. ಕೊಲ್ಲೂರಿಗೆ ಹೋಗುವ ಕೇರಳದ ಭಕ್ತರಿಗೆ ನಮ್ಮ ಊರುಗಳೇ ದಾರಿಯಾದ್ದರಿಂದಲೋ ಏನೋ, ಪಟದ ಜೊತೆಗೊಂದು ಕಥೆಯೂ ಇಲ್ಲಿ ಉಳಿದುಕೊಂಡಿದೆ. ಗುರುವೇ ಇಲ್ಲದ ಹುಡುಗ ಮೂಕಾಂಬಿಕೆಯ ಸನ್ನಿಧಿಯಲ್ಲಿ ಭಜನೆ ಕೂತನಂತೆ, ದೇವಿ ಒಲಿದಳಂತೆ, ಅಲ್ಲಿಂದ ಕೈಗೆ ಕಲೆ ಬಂತಂತೆ.

ಕೊಲ್ಲೂರಿಗೆ ಹೋದದ್ದು ಸುಳ್ಳಲ್ಲ. 1870ರಲ್ಲಿ ರವಿವರ್ಮ ಅಲ್ಲಿ ವ್ರತ ಹಿಡಿದು ಕೂತಿದ್ದ, ಹಿಂದಿರುಗುವಾಗ ಕೋಝಿಕ್ಕೋಡಿನ ನ್ಯಾಯಾಧೀಶ ಕೃಷ್ಣ ಮೇನೋನರ ಕುಟುಂಬದ ಚಿತ್ರ ಬರೆದು ಮೊದಲ ಸಂಭಾವನೆ ಪಡೆದ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಆದರೆ ಆಗ ಅವನಿಗೆ 22 ವರ್ಷ. ಕುಂಚ ಹಿಡಿದು ಎಷ್ಟೋ ಕಾಲವಾಗಿತ್ತು.

ಹುಟ್ಟಿದ್ದು 1848ರಲ್ಲಿ, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. ಸೋದರಮಾವ ರಾಜರಾಜವರ್ಮ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದವರು. ಹುಡುಗನ ಕೈಯ ಗುಣ ಗುರುತಿಸಿ ಮೊದಲ ಪಾಠ ಹೇಳಿದವರು ಅವರೇ. 1862ರಲ್ಲಿ ಅವನನ್ನು ತಿರುವನಂತಪುರಕ್ಕೆ ಆಯಿಲ್ಯಂ ತಿರುನಾಳ್ ಮಹಾರಾಜರ ಬಳಿಗೆ ಕರೆದೊಯ್ದವರೂ ಅವರೇ. ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಮಾತ್ರ ತೈಲವರ್ಣದ ಗುಟ್ಟು ಬಿಟ್ಟುಕೊಡಲಿಲ್ಲ. ನಾಯ್ಕರರ ಶಿಷ್ಯ ಆರುಮುಗಂ ಪಿಳ್ಳೆ ರಾತ್ರಿ ಹೊತ್ತು ಕದ್ದು ಬಂದು ತನಗೆ ಗೊತ್ತಿದ್ದಷ್ಟು ಹೇಳಿಕೊಡುತ್ತಿದ್ದರೆಂಬ ಮಾತಿದೆ. 1868ರಲ್ಲಿ ಯುರೋಪಿನ ಭಾವಚಿತ್ರಕಾರ ಥಿಯೊಡೋರ್ ಜೆನ್ಸನ್ ಅರಮನೆಗೆ ಬಂದಾಗಲೂ ಅಷ್ಟೇ. ಕಲಿಸಲಾರೆ, ಬೇಕಾದರೆ ಪಕ್ಕದಲ್ಲಿ ನಿಂತು ನೋಡಬಹುದು ಎಂದ.

ನೋಡುವುದರಲ್ಲೇ ಬಹಳವಿತ್ತು. ನೀರಿನ ಬಣ್ಣ ಹಚ್ಚಿದ ಕೂಡಲೇ ಒಣಗುತ್ತದೆ. ಎಣ್ಣೆಯ ಬಣ್ಣ ದಿನಗಟ್ಟಲೆ ಹಸಿಯಾಗಿಯೇ ಇರುವುದರಿಂದ ಒಂದು ಬಣ್ಣವನ್ನು ಪಕ್ಕದ್ದರೊಳಗೆ ನಿಧಾನ ಬೆರೆಸಬಹುದು, ತಪ್ಪಿದ್ದನ್ನು ಕೆರೆದು ತೆಗೆಯಬಹುದು, ಒಣಗಿದ ಮೇಲೆ ತೆಳುವಾಗಿ ಇನ್ನೊಂದು ಪದರ ಎಳೆಯಬಹುದು. ಕೆನ್ನೆಯ ದುಂಡು, ಪಟ್ಟೆಸೀರೆಯ ಮಿರುಗು, ಒಡವೆಯ ತೂಕ ಬರುವುದು ಈ ದಾರಿಯಿಂದ. ರವಿವರ್ಮ ಸ್ವಂತವಾಗಿ ಕಲಿತದ್ದು ಇದನ್ನು. ದೇವಿಯ ಕೃಪೆ ನಂಬುವವರು ನಂಬಲಿ. ಅದರ ಹೆಸರಿನಲ್ಲಿ ಸೋದರಮಾವನನ್ನೂ ಆರುಮುಗಂ ಪಿಳ್ಳೆಯನ್ನೂ ಅಳಿಸಿಹಾಕುವುದು ನನಗೆ ಸರಿ ಕಾಣುವುದಿಲ್ಲ.

‘ರಾಜಾ ರವಿವರ್ಮ’ ಎಂಬ ಹೆಸರು ನೋಡಿ ಅವನು ಆಳಿದ ದೊರೆ ಎಂದುಕೊಂಡವರೂ ಇದ್ದಾರೆ. ಅರಸು ಮನೆತನಗಳ ನೆಂಟಸ್ತಿಕೆ ಇತ್ತು, ರಾಜ್ಯ ಇರಲಿಲ್ಲ. 1904ರಲ್ಲಿ ಬ್ರಿಟಿಷರ ಕೈಸರ್-ಇ-ಹಿಂದ್ ಪದಕದ ಸಂದರ್ಭದಲ್ಲಿ ಹೆಸರಿನ ಹಿಂದೆ ‘ರಾಜಾ’ ಸೇರಿದಾಗ ತಿರುವಾಂಕೂರಿನ ಮಹಾರಾಜರಿಗೇ ಅದು ಹಿಡಿಸಲಿಲ್ಲ. ವಿದೇಶದಲ್ಲಿ ಕಲಿತನೆಂಬುದೂ ಬರೀ ಮಾತು. 1873ರಲ್ಲಿ ವಿಯೆನ್ನಾಕ್ಕೆ, 1893ರಲ್ಲಿ ಷಿಕಾಗೋಗೆ ಚಿತ್ರಗಳು ಹೋಗಿ ಬಹುಮಾನ ಗಳಿಸಿದವು. ಆತ ಸಮುದ್ರ ದಾಟಲೇ ಇಲ್ಲ.

ಎಲ್ಲವನ್ನೂ ಒಬ್ಬನೇ ಬರೆದ ಎಂಬ ಭಾವನೆಯನ್ನೂ ಬಿಡಬೇಕು. ತಮ್ಮ ಸಿ. ರಾಜರಾಜವರ್ಮ (ಮಾವನ ಹೆಸರೇ, ಹಾಗಾಗಿ ಗೊಂದಲವಾಗುತ್ತದೆ) ಸ್ವತಃ ಒಳ್ಳೆಯ ಪ್ರಕೃತಿಚಿತ್ರಕಾರ. ಹಲವು ಚಿತ್ರಗಳ ಹಿನ್ನೆಲೆಯಲ್ಲಿ ಅವನ ಕೈಯಿದೆ. ಅವನು ಇಂಗ್ಲಿಷಿನಲ್ಲಿ ಇಟ್ಟ ದಿನಚರಿಯಿಂದಲೇ ಅಣ್ಣತಮ್ಮಂದಿರ ಕೆಲಸದ ರೀತಿ ನಮಗೆ ತಿಳಿದಿರುವುದು. 1905ರಲ್ಲಿ ತಮ್ಮ ತೀರಿಕೊಂಡ. ನಾಲ್ವಡಿ ಕೃಷ್ಣರಾಜ ಒಡೆಯರು ಬರೆಸಿದ ಚಿತ್ರಗಳ ಕೆಲಸವನ್ನು ಅಣ್ಣ ಅವನಿಲ್ಲದೆ ಮುಂದುವರಿಸಬೇಕಾಯಿತು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ರವಿವರ್ಮನ ಮೂಲ ತೈಲಚಿತ್ರಗಳನ್ನು ಕಣ್ಣಾರೆ ನೋಡಬಹುದು. 1906ರ ಅಕ್ಟೋಬರ್ 2ರಂದು ರವಿವರ್ಮನೂ ತೀರಿಕೊಂಡ.

ಇನ್ನು ನಮ್ಮ ಮನೆಯ ಪಟದ ವಿಷಯ. ದೇವರ ಚಿತ್ರವನ್ನು ಅಚ್ಚು ಹಾಕಿ ಮನೆಮನೆಗೆ ತಲುಪಿಸಿದ ಮೊದಲಿಗ ರವಿವರ್ಮನಲ್ಲ. ಪುಣೆಯ ಚಿತ್ರಶಾಲಾ ಪ್ರೆಸ್, ಕಲ್ಕತ್ತಾ ಆರ್ಟ್ ಸ್ಟುಡಿಯೋ ಅದಕ್ಕೂ ಮುಂಚೆಯೇ ಆ ಕೆಲಸ ಮಾಡುತ್ತಿದ್ದವು. ಅವನು ಮುಂಬೈಯಲ್ಲಿ ಪ್ರೆಸ್ ಹಾಕಿದ್ದು 1894ರಲ್ಲಿ. ಆಮೇಲೆ ಅದು ಲೋನಾವಳಾ ಹತ್ತಿರದ ಮಳವಲಿಗೆ ಹೋಯಿತು. ಸಾಲ ಏರಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರನಿಗೆ ಮಾರಾಟವಾಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಹಾಗಾಗಿ ರವಿವರ್ಮ ಸತ್ತು ದಶಕಗಳಾದ ಮೇಲೂ ರವಿವರ್ಮ ಪ್ರೆಸ್ಸಿನ ಪಟಗಳು ಬರುತ್ತಲೇ ಇದ್ದವು, ಅವನು ಕಂಡೇ ಇರದ ಚಿತ್ರಗಳೂ ಸೇರಿ.

ನಿಮ್ಮ ಮನೆಯ ಪಟ ಕುಂಚದ್ದೋ ಅಚ್ಚಿನದ್ದೋ ಎಂದು ತಿಳಿಯಬೇಕಾದರೆ ಕಟ್ಟು ಬಿಚ್ಚಿಸಿ ಭೂತಗನ್ನಡಿ ಹಿಡಿಯಿರಿ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಒಂದರ ಮೇಲೊಂದು ಅಚ್ಚೊತ್ತಿದ್ದಾದರೆ ಕೆನ್ನೆಯ ಮೇಲೆ ಕುಂಚದ ಗೆರೆಯ ಬದಲು ಚುಕ್ಕೆಗಳು ಕಾಣುತ್ತವೆ. ಮೇಲೆ ವಾರ್ನಿಷ್ ಬಳಿದು ಎಣ್ಣೆಚಿತ್ರದ ಹೊಳಪು ಕೊಡುತ್ತಿದ್ದುದರಿಂದ ಬರಿಗಣ್ಣನ್ನು ನಂಬುವಂತಿಲ್ಲ. ಜರಿ, ಮಣಿ ಅಂಟಿಸಿದ್ದರೆ ಅದು ಮನೆಯ ಹೆಂಗಸರ ಅಲಂಕಾರವಿದ್ದೀತು. ಕಟ್ಟಿನ ಅಂಚಿನೊಳಗೆ ಮುಚ್ಚಿಹೋದ ಕೆಳಗಿನ ಪಟ್ಟಿಯನ್ನು ಕತ್ತರಿಸಲು ಬಿಡಬೇಡಿ. ಪ್ರೆಸ್ಸಿನ ಹೆಸರು, ಊರು ಅಚ್ಚಾಗಿರುವುದು ಅಲ್ಲೇ.