ಟಕ್ ಟಕ್ ಸಪ್ಪಳ ಬಂದರೆ ಕಿವಿ ಮುಚ್ಚಬೇಡಿ!

ಜೀಪಿನ ಹೊಟ್ಟೆಯೊಳಗಿನ ಸಣ್ಣ ರಬ್ಬರು ಸವೆದರೆ ದೊಡ್ಡ ತಾಪತ್ರಯ

ಯರಗಟ್ಟಿ: ನಮ್ಮೂರು ನಾಲ್ಕು ದಾರಿ ಕೂಡುವ ಊರು. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವವರು ಇಲ್ಲೇ ಹಾಯಬೇಕು. ಗೋಕಾಕದಿಂದ ಸವದತ್ತಿಗೆ ಹೋಗುವವರೂ ಇಲ್ಲೇ ಹಾಯಬೇಕು. ಬಸ್ಸು ತಪ್ಪಿಸಿಕೊಂಡವನಿಗೆ, ಹೊತ್ತಿಗೆ ಸರಿಯಾಗಿ ಬಸ್ಸೇ ಬಾರದ ಹಳ್ಳಿಯವನಿಗೆ ಗತಿ ಯಾವುದು? ಅದೇ ಜೀಪು, ಅದೇ ಟ್ರ್ಯಾಕ್ಸು, ಅದೇ ಕ್ರೂಸರು. ಸಂತೆಯ ಚೀಲ, ಹಾಲಿನ ಕ್ಯಾನು, ಬಾಣಂತಿ, ಬೀಗರು ಎಲ್ಲರೂ ಅದರಲ್ಲೇ.

ಹತ್ತಿ ಕೂತ ಮೇಲೆ ಕೇಳಿಸುವ ಸಂಗೀತ ಎಲ್ಲರಿಗೂ ಗೊತ್ತಿದ್ದದ್ದೇ. ಗಾಡಿ ಹೊರಡುವಾಗ ಮೈಯೆಲ್ಲ ನಡುಗುತ್ತದೆ. ತೆಗ್ಗು ಬಂದರೆ ಕೆಳಗೆ ಟಕ್ ಎನ್ನುತ್ತದೆ. ಗೇರಿನ ಕಡ್ಡಿ ತಾನೇ ಕುಣಿಯುತ್ತದೆ. "ಏನ್ರೀ ಇದು ಸಪ್ಪಳ?" ಎಂದು ಕೇಳಿದರೆ ಬರುವ ಉತ್ತರವೂ ಗೊತ್ತಿದ್ದದ್ದೇ: "ಹಳೇ ಗಾಡಿ ಐತ್ರೀ, ಹಂಗ ಇರತೈತಿ."

ಹಂಗ ಇರಬಾರದು ಎಂಬುದೇ ಇಂದಿನ ನಮ್ಮ ಮಾತು. ಈ ಸಪ್ಪಳದ ಮೂಲ ಎಷ್ಟೋ ಸಲ ಇಂಜಿನ್ನೂ ಅಲ್ಲ, ಗೇರ್‌ಬಾಕ್ಸೂ ಅಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ರಬ್ಬರಿನ ತುಂಡು!

ರಬ್ಬರಿಗೆ ಅಲ್ಲೇನು ಕೆಲಸ?

ಜೀಪು ಹುಟ್ಟಿದ್ದು 1941ರ ಸುಮಾರಿಗೆ, ಅಮೆರಿಕದ ಸೈನ್ಯಕ್ಕಾಗಿ. ನಮ್ಮ ದೇಶದಲ್ಲಿ 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ 1947ರಿಂದ ವಿಲ್ಲಿಸ್ ಜೀಪು ಜೋಡಿಸತೊಡಗಿತು. 1985ರಲ್ಲಿ ಮಾರುತಿಯ ಜಿಪ್ಸಿ ಬಂತು. ಎಂಥ ಮಾಡೆಲ್ಲೇ ಬರಲಿ, ಒಂದು ಸಂಗತಿ ಬದಲಾಗಲಿಲ್ಲ. ಇಂಜಿನ್ ನೇರವಾಗಿ ಕಬ್ಬಿಣದ ಚಾಸಿಯ ಮೇಲೆ ಕೂಡುವುದಿಲ್ಲ, ರಬ್ಬರಿನ ಮೇಲೆ ಕೂಡುತ್ತದೆ. ಇದಕ್ಕೆ ಮೌಂಟಿಂಗ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಫೌಂಡೇಶನ್ ಎಂದೂ ಅನ್ನುವುದುಂಟು. ಹಳೆಯ ಜೀಪಿನಲ್ಲಿ ಮುಂದೆ ಎಡಕ್ಕೊಂದು, ಬಲಕ್ಕೊಂದು, ಹಿಂದೆ ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು. ಒಲೆಯ ಮೂರು ಗುಂಡು ಇದ್ದಂತೆ. ಜಿಪ್ಸಿಯಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಬಾಕ್ಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಇದೆ. ಅದು ತನ್ನದೇ ಮೂರು ರಬ್ಬರಿನ ಮೇಲೆ ತೂಗಾಡುತ್ತದೆ.

ಇನ್ನು ಬುಷ್. ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪ್ಲೇಟುಗಳ ಒಂದು ತುದಿ ಪಿನ್ನಿನಲ್ಲಿ ಸಿಕ್ಕಿರುತ್ತದೆ, ಇನ್ನೊಂದು ತುದಿ ಶ್ಯಾಕಲ್ಲಿನಲ್ಲಿ ಜೋಕಾಲಿಯಾಡುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕದಂತೆ ನಡುವೆ ಕೂತದ್ದೇ ಬುಷ್.

ಯಾಕೆ ಸವೆಯುತ್ತದೆ?

ರಬ್ಬರಿಗೆ ಮೂವರು ವೈರಿಗಳು: ಎಣ್ಣೆ, ಬಿಸಿ, ಭಾರ. ಇಂಜಿನ್ನಿನಿಂದ ಸೋರುವ ಆಯಿಲ್ಲು, ಡೀಸೆಲ್ಲು ಬಿದ್ದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಬಿಸಿಗೆ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಭಾರದ ಮಾತು ನಾವು ಹೇಳಬೇಕೇ? ಜಾತ್ರೆಯ ದಿನ ಒಂದು ಗಾಡಿಯಲ್ಲಿ ಎಷ್ಟು ತಲೆ ಇರುತ್ತವೆ ಎಂದು ಎಣಿಸಿದವರಿಗೆ ಗೊತ್ತು.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಮಂದಿ ಬರುತ್ತಾರೆ. ತುಂಬಿದ ಗಾಡಿ ಏರು ಹತ್ತುವಾಗ ಚಾಲಕ ಕೆಳಗಿನ ಗೇರು ಹಾಕುತ್ತಾನೆ. ಇಂಜಿನ್ ಗಾಲಿಯನ್ನು ತಿರುಗಿಸಲು ಹೆಣಗುವಾಗ ತಾನೂ ಎದುರು ದಿಕ್ಕಿಗೆ ಹೊರಳಲು ನೋಡುತ್ತದೆ. ಆಗ ಒಂದು ಬದಿಯ ರಬ್ಬರು ಹಿಗ್ಗುತ್ತದೆ, ಇನ್ನೊಂದು ಬದಿಯದು ಜಜ್ಜಿಹೋಗುತ್ತದೆ. ಮೊದಲೇ ಬಿರುಕು ಬಿಟ್ಟದ್ದಾದರೆ ಹರಿಯುವುದು ಅಲ್ಲೇ.

ಹರಿದರೆ ಏನಾಯಿತು, ಗಾಡಿ ಓಡುತ್ತದಲ್ಲ? ಓಡುತ್ತದೆ, ಅದೇ ಮೋಸ! ಇಂಜಿನ್ ಕುಸಿದರೆ ಕ್ಲಚ್ಚಿನ ಜೋಡಣೆ ಎಳೆದಾಡಿ ಗಾಡಿ ಕುಪ್ಪಳಿಸುತ್ತದೆ. ಫ್ಯಾನು ರೇಡಿಯೇಟರಿಗೆ ತಾಗಬಹುದು. ಸೈಲೆನ್ಸರ್ ಪೈಪು ಬಿರುಕು ಬಿಡುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಅದರ ಕ್ರಾಸು ಬೇಗ ಸವೆಯುತ್ತದೆ. ಸ್ಪ್ರಿಂಗಿನ ಬುಷ್ ಹೋದರೆ ಇನ್ನೂ ಕಷ್ಟ. ಆಕ್ಸಲ್ಲು ಹಿಂದೆ ಮುಂದೆ ಸರಿದಾಡಿ, ಬ್ರೇಕು ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂದ ಹೊತ್ತಿನಲ್ಲಿ ಹಾಗಾದರೆ?

ಉಗುರಿನಿಂದ ಹೋಗುವುದಕ್ಕೆ ಕೊಡಲಿ ತಗೊಂಡರು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿದ್ದು. ರಬ್ಬರಿನದು ನೂರರ ಲೆಕ್ಕ. ಕ್ಲಚ್ಚು, ಶಾಫ್ಟು, ರೇಡಿಯೇಟರಿನದು ಸಾವಿರಗಳ ಲೆಕ್ಕ. ಮೇಲೆ ಗಾಡಿ ನಿಂತ ದಿನಗಳ ದುಡಿಮೆಯೂ ಖೋತಾ.

ಟೈರಿನ ತುಂಡು ಬೇಡ

ಕೆಲವರು ಹಳೆಯ ಟೈರು ಕೊಯ್ದು ಮೌಂಟಿಂಗಿನ ಜಾಗಕ್ಕೆ ತುರುಕುತ್ತಾರೆ. ತಕ್ಷಣ ಸಪ್ಪಳ ನಿಲ್ಲುತ್ತದೆ, ಮಾಲಕನಿಗೂ ಖುಷಿ. ಆದರೆ ಅಸಲಿ ಮೌಂಟಿಂಗಿನಲ್ಲಿ ರಬ್ಬರನ್ನು ಎರಡು ಕಬ್ಬಿಣದ ತಗಡಿಗೆ ಬಿಸಿಯಲ್ಲಿ ಬೆಸೆದಿರುತ್ತಾರೆ. ಅದು ಭಾರ ಹೊರುತ್ತದೆ, ಎಳೆತವನ್ನೂ ತಡೆಯುತ್ತದೆ. ಟೈರಿನ ತುಂಡಿಗೆ ಹೊರುವುದು ಮಾತ್ರ ಗೊತ್ತು, ಹಿಡಿಯುವುದು ಗೊತ್ತಿಲ್ಲ. ದಾರಿಯಲ್ಲಿ ಊರುಗೋಲು ಆದೀತು, ಕಾಲು ಆಗಲಾರದು. ಪಾಲಿಯುರೆಥೇನ್ ಎಂಬ ಗಟ್ಟಿ ಬುಷ್‌ಗಳೂ ಬಂದಿವೆ. ಅವು ಬಾಳಿಕೆ ಬರುತ್ತವೆ ನಿಜ, ಆದರೆ ನಡುಕವನ್ನು ಕೂತವರ ಬೆನ್ನಿಗೇ ದಾಟಿಸುತ್ತವೆ. ಡೀಸೆಲ್ ಇಂಜಿನ್ನಿನ ಕೆಳಗೆ ಮೆತ್ತನೆ ರಬ್ಬರೇ ಹಿತ.

ಹಾಕಿಸುವಾಗ ಎದುರಿಗೆ ನಿಲ್ಲಿ

ಗಾಡಿ ಮಿಸ್ತ್ರಿಗೆ ಕೊಟ್ಟು ಚಹಾ ಕುಡಿಯಲು ಹೋಗುವ ಮಾಲಕರಿಗೆ ನಾಲ್ಕು ಮಾತು.

ಮೊದಲು ಸಪಾಟು ನೆಲ, ಗಾಲಿಗೆ ಕಲ್ಲು, ಬ್ಯಾಟರಿಯ ವಾಯರು ಬಿಚ್ಚುವುದು. ಇಂಜಿನ್ ಎತ್ತುವ ಜಾಕಿನ ಮೇಲೆ ಕಟ್ಟಿಗೆಯ ಹಲಗೆ ಇರಲಿ. ಬರೀ ಜಾಕು ಇಟ್ಟರೆ ಆಯಿಲ್ ಚೇಂಬರು ಚಪ್ಪಟೆಯಾಗುತ್ತದೆ. ರಬ್ಬರು ಹೊರಬರುವಷ್ಟೇ ಎತ್ತಬೇಕು. ಎತ್ತುವಾಗ ಫ್ಯಾನು, ನೀರಿನ ಪೈಪು, ಕ್ಲಚ್ಚಿನ ಕಡ್ಡಿಯ ಮೇಲೆ ಕಣ್ಣಿರಲಿ. ಒಂದು ಬದಿ ಮುಗಿದ ಮೇಲೆ ಇನ್ನೊಂದು. ಎಲ್ಲ ಬೋಲ್ಟನ್ನೂ ಮೊದಲು ಕೈಯಿಂದ ಹಿಡಿಸಿ, ಆಮೇಲೆ ಪಾನಾ ಹಾಕಬೇಕು.

ಸ್ಪ್ರಿಂಗಿನ ಬುಷ್ ತೆಗೆಯುವಾಗ ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡು ಬೇಕೇ ಬೇಕು. ಬರೀ ಜಾಕು ನಂಬಿ ಗಾಡಿಯ ಕೆಳಗೆ ಮಲಗುವವನು ಯಮನ ಜೊತೆ ಜೂಜಾಡಿದಂತೆ. ತುಕ್ಕು ಹಿಡಿದ ಪಿನ್ನಿಗೆ ಗ್ಯಾಸಿನ ಬೆಂಕಿ ಹಿಡಿಯುವ ಮುನ್ನ ಡೀಸೆಲ್ ಟ್ಯಾಂಕು, ಬ್ರೇಕಿನ ಪೈಪು ಎಲ್ಲಿವೆ ನೋಡಬೇಕು. ಹೊಸ ರಬ್ಬರ್ ಬುಷ್ ಜಾರಲಿ ಎಂದು ಗ್ರೀಸು ಬಳಿಯಬಾರದು, ಸಾಬೂನು ನೀರು ಸಾಕು. ಎಡ ಬಲ ಜೋಡಿಯಾಗಿಯೇ ಬದಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಅವಸರದಲ್ಲಿ ತಪ್ಪುವುದು ಇದೇ: ರಬ್ಬರ್ ಬುಷ್‌ನ ಬೋಲ್ಟನ್ನು ಗಾಡಿ ಮೇಲೆತ್ತಿದ್ದಾಗ ಪೂರ್ತಿ ಬಿಗಿಯಬಾರದು. ಗಾಲಿ ನೆಲ ಮುಟ್ಟಿ, ಗಾಡಿಯ ಭಾರ ಸ್ಪ್ರಿಂಗಿನ ಮೇಲೆ ಕೂತ ಮೇಲೇ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಇದ್ದು, ಹೊಸದೂ ಬೇಗ ಹರಿದುಹೋಗುತ್ತದೆ. ಆಮೇಲೆ "ಮಾಲು ಡೂಪ್ಲಿಕೇಟ್ ಇತ್ತು" ಎಂದು ಅಂಗಡಿಕಾರನನ್ನು ಬೈದು ಫಲವಿಲ್ಲ.

ಇನ್ನೊಂದು ಸಂಗತಿ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಇಂಜಿನ್ನಿನಿಂದ ಚಾಸಿಗೆ ಒಂದು ಅರ್ಥಿಂಗ್ ಪಟ್ಟಿ ಇರುತ್ತದೆ. ಅದನ್ನು ಮರಳಿ ಜೋಡಿಸದಿದ್ದರೆ ಸೆಲ್ಫ್ ಎತ್ತುವುದಿಲ್ಲ, ಕೇಬಲ್ಲುಗಳು ಸುಡಬಹುದು. ಒಂದೈನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಎಲ್ಲ ನಟ್ಟುಗಳಿಗೆ ಪಾನಾ ಹಚ್ಚಿ ನೋಡುವುದು ಒಳಿತು.

ಕಾಗದಕ್ಕಷ್ಟೇ ಫಿಟ್‌ನೆಸ್ಸೇ?

ಬಾಡಿಗೆಯ ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟು ಕಡ್ಡಾಯ. ಖಾಸಗಿ ಗಾಡಿಯಾದರೆ 15 ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂಡಿಸುವುದಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಮೊದಲು ಆರ್‌ಟಿಓ ಒಪ್ಪಿಗೆ ಬೇಕು. ನಮ್ಮ ಕೆಎ 24 ಗಾಡಿಗಳಿಗೆ ಬೈಲಹೊಂಗಲದ ಕಚೇರಿ ಇದೆ. ಆದರೆ ಸರ್ಟಿಫಿಕೇಟು ಒಂದು ದಿನದ ಪರೀಕ್ಷೆ. ರಬ್ಬರು ಸವೆಯುವುದು ದಿನಾಲೂ.

ಆದ್ದರಿಂದ ಕಾಯುವ ಕೆಲಸ ಮಾಲಕನದು, ಕೇಳುವ ಕೆಲಸ ಪ್ರಯಾಣಿಕನದು. ಅಂಗಡಿಕಾರರೇ, ನಿಮ್ಮ ಮಾಲು ಬರುವುದು ಇದೇ ಗಾಡಿಯಲ್ಲಿ. ಪ್ರಯಾಣಿಕರೇ, ನಿಮ್ಮ ಮಕ್ಕಳು ಸಾಲಿಗೆ ಹೋಗುವುದೂ ಇದರಲ್ಲೇ. ಮುಂದಿನ ಸಲ ಕಾಲ ಕೆಳಗೆ ಟಕ್ ಎಂದರೆ ಸುಮ್ಮನೆ ಕೂಡಬೇಡಿ. "ಅಣ್ಣಾ, ಬುಷ್ ಹೋದಂಗದ, ಒಮ್ಮೆ ತೋರಸಪಾ" ಎಂದು ಹೇಳಿ. ಜಾತ್ರೆಯ ಗದ್ದಲ ಶುರುವಾಗುವ ಮುನ್ನವೇ ಹೇಳಿ. ಗುಡ್ಡದ ಅರ್ಧ ಏರಿನಲ್ಲಿ ಹೇಳಿ ಪ್ರಯೋಜನವಿಲ್ಲ.