ಅಂಗಳದ ಹಾಸುಗಲ್ಲಿನ ಸಂದಿಗೆ ಏನು ತುಂಬಬೇಕು?

ಶಹಾಬಾದ ಕಲ್ಲು ಹಾಸಿದ ಅಂಗಳವು ಕಲಬುರಗಿ ಸೀಮೆಯ ಮನೆಗಳಿಗೆ ಹೊಸದಲ್ಲ. ಕಲ್ಲನ್ನು ಆರಿಸಲು ಹತ್ತು ಅಂಗಡಿ ತಿರುಗುವ ಗೃಹಸ್ಥರು ಸಂದು ತುಂಬುವ ಕೆಲಸವನ್ನು ಮಾತ್ರ ಗೌಂಡಿಯ ಇಚ್ಛೆಗೆ ಬಿಟ್ಟುಬಿಡುತ್ತಾರೆ. ಅವನು ಎಲ್ಲಕ್ಕೂ ಸಿಮೆಂಟನ್ನೇ ತುಂಬುತ್ತಾನೆ. ಕೆಲವು ಬೇಸಿಗೆಗಳಲ್ಲಿ ಅದು ಬಿರಿದು, ಮಳೆನೀರು ಕೆಳಗಿಳಿದು, ಕಲ್ಲು ಅಲುಗಾಡತೊಡಗುತ್ತದೆ. ನಸುಕಿನಲ್ಲಿ ಹೂವು ಬಿಡಿಸಲು ಹೋಗುವ ಅಜ್ಜಿ ಎಡವುವುದು ಅಲ್ಲಿಯೇ.

ಕಲ್ಲಿನ ಕೆಳಗೆ ಏನಿದೆ ಎಂಬುದನ್ನು ಮೊದಲು ನೋಡಬೇಕು. ಗಟ್ಟಿ ಕಾಂಕ್ರೀಟಿನ ಮೇಲೆ ಕೂರಿಸಿದ ಕಲ್ಲಿಗೆ ಸಿಮೆಂಟು ಒಪ್ಪುತ್ತದೆ. ಸುಣ್ಣದಲ್ಲಿ ಹಾಸಿದ ಹಳೆಯ ಮನೆಯ ಅಂಗಳಕ್ಕೆ ಸುರ್ಕಿ ಬೆರೆಸಿದ ಸುಣ್ಣದ ಗಾರೆಯೇ ಲೇಸು. ಅದು ಕಲ್ಲಿಗಿಂತ ಮೃದುವಾದುದರಿಂದ ಸವೆದರೆ ತಾನು ಸವೆಯುತ್ತದೆ, ಕಲ್ಲಿನ ಅಂಚನ್ನು ಒಡೆಯುವುದಿಲ್ಲ. ಆದರೆ ವಾರಗಟ್ಟಲೆ ನೆನೆಸಿ ನೋಡಿಕೊಳ್ಳುವ ತಾಳ್ಮೆ ಬೇಕು. ಇಂದಿನ ಗೌಂಡಿಗಳಿಗೆ ಅದು ಕಡಿಮೆ.

ಉಸುಕಿನ ಮೇಲೆ ಹಾಸುವ ಸಿಮೆಂಟಿನ ಪೇವರ್‌ಗಳ ಮಾತೇ ಬೇರೆ. ಅವು ತುಸು ಕದಲುವುದು ಸಹಜ. 2ರಿಂದ 4 ಮಿ.ಮೀ. ಸಂದು ಬಿಟ್ಟು, ಜರಡಿಯಾಡಿದ ಒಣ ಉಸುಕನ್ನು ಕಸಬರಿಗೆಯಿಂದ ಗುಡಿಸಿ ತುಂಬಬೇಕು. ಹಸಿ ಉಸುಕು ಮೇಲೆಯೇ ಕಟ್ಟಿಕೊಳ್ಳುತ್ತದೆ, ತಳ ಮುಟ್ಟುವುದಿಲ್ಲ. ಇರುವೆಗಳ ಕಾಟವಿದ್ದಲ್ಲಿ ಪಾಲಿಮರ್ ಬೆರೆಸಿದ ಉಸುಕು ದೊರೆಯುತ್ತದೆ. ನೀರು ಚಿಮುಕಿಸುವ ಮೊದಲು ಮೇಲಿನ ಪುಡಿಯನ್ನು ಪೂರ್ತಿ ಗುಡಿಸದಿದ್ದರೆ ಬಿಳಿಯ ಕಲೆ ಉಳಿದುಬಿಡುತ್ತದೆ. ಸಾದಾ ಉಸುಕು ತುಂಬಿದವರು ಮೊದಲ ಮಳೆಗಾಲದ ನಂತರ ಇನ್ನೊಂದು ಬುಟ್ಟಿ ತರಿಸಿ ಇಳಿದ ಸಂದುಗಳನ್ನು ಮತ್ತೆ ತುಂಬಿಸಬೇಕು.